ಕುದೇರಿನ ಜಗಲಿಯಲ್ಲಿ ಓದಿದ ಸಂಧಾನದ ಕಾಗದಗಳು

ನಿವೃತ್ತನಾಗಿ ಎರಡು ವರ್ಷವಾಯಿತು. ಈಗಲೂ ಬೆಳಗ್ಗೆ ಹತ್ತು ಗಂಟೆಯಾಗುವ ಹೊತ್ತಿಗೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ಮೊನ್ನೆ ಚಾಮರಾಜನಗರದ ಕಾಲೇಜಿಗೆ ಹೊಸದಾಗಿ ಸೇರಿದ ಇಬ್ಬರು ಇತಿಹಾಸದ ಉಪನ್ಯಾಸಕರು ಮನೆಗೆ ಬಂದಿದ್ದರು. “ಸಾರ್, ಮೂವತ್ತು ವರ್ಷ ಪಾಠ ಮಾಡಿದ್ದೀರಿ, ನಮಗೂ ಏನಾದರೂ ಹೇಳಿ” ಎಂದು ಕೇಳಿದರು. ಕಾಫಿ ಕೊಟ್ಟು, ಹಾಜರಿ ಪುಸ್ತಕ, ಉತ್ತರಪತ್ರಿಕೆಯ ಮೌಲ್ಯಮಾಪನ, ವರ್ಗಾವಣೆ ಎಂದು ಏನೇನೋ ಮಾತಾಡಿ ಕಳಿಸಿದೆ. ಅವರು ಗೇಟು ದಾಟಿದ ಮೇಲೆ, ಹೇಳಬೇಕಾದದ್ದನ್ನೇ ಹೇಳಲಿಲ್ಲವಲ್ಲ ಅನಿಸಿತು. ಅದನ್ನು ಇಲ್ಲಿ ಬರೆದಿಡುತ್ತೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ, ಬೇಕಾದವರು ನೋಡಿಕೊಳ್ಳಬಹುದು. ಅದರಲ್ಲಿ ಇಲ್ಲದ್ದು ಇದು.

ಮೊದಲ ಕೆಲಸ ಗುಂಡ್ಲುಪೇಟೆಯಲ್ಲಿ. ಹಂಚಿನ ಕಟ್ಟಡ, ಒಂದೇ ಭೂಪಟ, ಅದರಲ್ಲೂ ಆಫ್ರಿಕಾದ ಅರ್ಧ ಭಾಗವನ್ನು ಗೆದ್ದಲು ತಿಂದಿತ್ತು. ಚೆಂಡು ಹೂವಿನ ಕಾಲ ಬಂದರೆ ತರಗತಿ ಅರ್ಧ ಖಾಲಿಯಾಗುತ್ತಿತ್ತು. ಹೊಲದಲ್ಲಿ ಹೂ ಬಿಡಿಸಿ ಬಂದ ಹುಡುಗಿಯರ ಕೈಬೆರಳು ಕಂದು ಬಣ್ಣಕ್ಕೆ ತಿರುಗಿರುತ್ತಿದ್ದವು, ಹಾಳೆ ತಿರುವಿದಾಗ ಆ ಘಾಟು ಇಡೀ ಕೋಣೆಗೆ ಹರಡುತ್ತಿತ್ತು. ತರಕಾರಿ ತುಂಬಲು ಬಂದ ಕೇರಳದ ಲಾರಿಗಳು ಕಿಟಕಿಯಾಚೆ ಹಾರನ್ ಹೊಡೆದರೆ ನಾನು ಪಾಠ ನಿಲ್ಲಿಸಿ ಕಾಯಬೇಕಿತ್ತು. ಆ ಘಾಟು, ಆ ಹಾರನ್ನು, ಎರಡಕ್ಕೂ ಈಗ ಮನಸ್ಸು ಹಂಬಲಿಸುತ್ತದೆ.

ಅಲ್ಲಿ ನನಗಿಂತ ಹಿರಿಯರಾದ ನಂಜಪ್ಪನವರು ನನಗೆ ತಮ್ಮ ನೋಟ್ಸಿನ ಕಟ್ಟನ್ನೇ ಧಾರೆಯೆರೆದು ಕೊಟ್ಟರು. “ನೋಟ್ಸು ಅಂದ್ರೆ ಉಪ್ಪಿನಕಾಯಿ ಇದ್ದಂಗೆ ಕಣಯ್ಯ. ಒಂದ್ಸಲ ಹಾಕಿಟ್ರೆ ವರ್ಷಗಟ್ಟಲೆ ಬರ್ತದೆ. ನೀನು ಹೊಸದಾಗಿ ಮಾವಿನಕಾಯಿ ಕೊಯ್ಯಕ್ಕೆ ಹೋಗ್ಬೇಡ” ಎಂದರು. ನಾನು ಹೋಗಲಿಲ್ಲ. ಹನ್ನೊಂದು ವರ್ಷ ಅದನ್ನೇ ಓದಿ ಬರೆಸಿದೆ. ಎರಡನೇ ಮಹಾಯುದ್ಧದ ಪಾಠದಲ್ಲಿ ಒಂದು ಸಾಲಿತ್ತು. ಒಂದು ದಿನ ನಾನು “ಇಡೀ ಇಂಗ್ಲೆಂಡು” ಎಂದು ಶುರು ಮಾಡಿದ್ದೇ ತಡ, “ಒಂದೇ ದನಿಯಲ್ಲಿ ಯುದ್ಧಕ್ಕೆ ನಿಂತಿತು” ಎಂದು ಇಡೀ ತರಗತಿಯೇ ಒಂದೇ ದನಿಯಲ್ಲಿ ಮುಗಿಸಿತು. ಅವರ ಅಣ್ಣಂದಿರ, ಅಕ್ಕಂದಿರ ನೋಟ್‌ಬುಕ್ಕುಗಳು ಅವರ ಹತ್ತಿರವೇ ಇದ್ದವು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮುಂದಿನ ವರ್ಷವೂ ಅದೇ ಸಾಲನ್ನು ಬರೆಸಿದೆ. ಅದು ನಿಜವೋ ಸುಳ್ಳೋ ಎಂದು ಒಮ್ಮೆಯೂ ನೋಡಲಿಲ್ಲ.

ಚಾಮರಾಜನಗರಕ್ಕೆ ವರ್ಗವಾದ ಮೇಲೆ, ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷಕ್ಕೆ, ನನ್ನನ್ನು ಮೈಸೂರಿಗೆ ಮೂರು ವಾರದ ತರಬೇತಿಗೆ ಕಳಿಸಿದರು. ವಯಸ್ಸಾದ ಮೇಷ್ಟ್ರುಗಳಿಗೆ ಹೊಸ ಬೋಧನಾ ಕ್ರಮ ಕಲಿಸುವ ತರಬೇತಿ. ನಾವೆಲ್ಲ ಹಿಂದಿನ ಬೆಂಚಿನಲ್ಲಿ ಕೂತು ತೂಕಡಿಸುತ್ತಿದ್ದೆವು. ವಿದೇಶದ ಪತ್ರಾಗಾರಗಳಲ್ಲಿ ಕೆಲಸ ಮಾಡಿ ಬಂದಿದ್ದ ಒಬ್ಬ ಪ್ರಾಧ್ಯಾಪಕಿ ಒಂದು ದಿನ ನಮ್ಮೆಲ್ಲರಿಗೂ ಒಂದೊಂದು ಜೆರಾಕ್ಸ್ ಕಟ್ಟು ಹಂಚಿದರು. ಆ ಯುದ್ಧದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ರಾಜಕಾರಣಿಗಳು ಒಬ್ಬರಿಗೊಬ್ಬರು ಬರೆದುಕೊಂಡ ಕಾಗದಗಳು. ಜರ್ಮನಿಯ ಜತೆ ಸಂಧಾನ ಮಾಡಿಕೊಳ್ಳಬೇಕೇ ಬೇಡವೇ ಎಂಬುದೇ ಎಲ್ಲದರ ವಿಷಯ. “ಇವನ್ನು ಓದಿ, ಆಮೇಲೆ ನಿಮ್ಮ ನೋಟ್ಸು ತೆಗೆದು ನೋಡಿ” ಎಂದಷ್ಟೇ ಹೇಳಿದರು.

ಓದಿದೆ. ಕೆಲವರು ಈಗಲೇ ರಾಜಿಯಾದರೆ ಸಾಮ್ರಾಜ್ಯ ಉಳಿಯುತ್ತದೆ ಎಂಬ ಲೆಕ್ಕದಲ್ಲಿ ಬರೆದಿದ್ದರು. ಕೆಲವರು ಹಿಂದಿನ ಯುದ್ಧದಲ್ಲಿ ಮಕ್ಕಳನ್ನೋ ತಮ್ಮಂದಿರನ್ನೋ ಕಳೆದುಕೊಂಡವರು, ಇನ್ನೊಂದು ಸಲ ಅದು ಬೇಡ ಎನ್ನುವವರು. ಜರ್ಮನಿಯ ಸರ್ವಾಧಿಕಾರಿಯ ಮಾತನ್ನು ನಂಬಿ ಕೆಟ್ಟವರು ಎಷ್ಟು ಜನ ಎಂದು ಎಣಿಸಿ ತೋರಿಸಿದವರೂ ಇದ್ದರು. ಒಂದೇ ಪಕ್ಷದವರು, ಒಂದೇ ಮೇಜಿನ ಸುತ್ತ ಊಟ ಮಾಡುವವರು, ಕಾಗದದಲ್ಲಿ ಜಗಳವಾಡಿದ್ದರು. ಒಂದೇ ದನಿ ಎಲ್ಲಿಯೂ ಇರಲಿಲ್ಲ. ಹನ್ನೊಂದು ವರ್ಷ ಗುಂಡ್ಲುಪೇಟೆಯ ಮಕ್ಕಳಿಗೆ ನಾನು ಸುಳ್ಳು ಬರೆಸಿದ್ದೆ. ನಂಜಪ್ಪನವರು ಆ ಹೊತ್ತಿಗೆ ತೀರಿಕೊಂಡಿದ್ದರು, ಜಗಳವಾಡಲೂ ಯಾರೂ ಇರಲಿಲ್ಲ.

ಊರಿಗೆ ಬಂದವನು ನೋಟ್ಸಿನ ಕಟ್ಟನ್ನು ಅಟ್ಟಕ್ಕೆ ಹಾಕಿದೆ. ಕೊನೆಯ ವರ್ಷದ ಬಿ.ಎ. ತರಗತಿಗೆ ಆ ಕಾಗದಗಳನ್ನೇ ಕನ್ನಡದಲ್ಲಿ ಓದಿ ಹೇಳಲು ಶುರು ಮಾಡಿದೆ. ಪ್ರಿನ್ಸಿಪಾಲರು ಕರೆಸಿದರು. ಸಿಟ್ಟಿನ ಮನುಷ್ಯ, ಆದರೆ ಒಳಗೆ ಒಳ್ಳೆಯವರು.

“ಏನ್ರೀ, ಸಿಲಬಸ್ಸು ಅರ್ಧ ಆಗಿಲ್ಲವಂತೆ. ಇಂಗ್ಲೆಂಡಿನೋರ ಕಾಗದ ಓದ್ತಾ ಕೂತಿದ್ದೀರಂತೆ?”

“ಪಾಠಕ್ಕೆ ಸಂಬಂಧಪಟ್ಟದ್ದೇ ಸಾರ್.”

“ಪರೀಕ್ಷೆಗೆ ಬರ್ತದಾ?”

“ಬರಲ್ಲ.”

“ಮತ್ತೆ?”

ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಮಾರ್ಚ್ ಒಳಗೆ ಸಿಲಬಸ್ ಮುಗಿಸಿ, ಆಮೇಲೆ ಏನ್ ಬೇಕಾದ್ರೂ ಓದಿಕೊಳ್ಳಿ” ಎಂದರು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ತರಬೇತಿಯಲ್ಲಿ ಕಲಿತಿದ್ದ ಒಂದು ಉಪಾಯವನ್ನೂ ಪ್ರಯೋಗಿಸಿದೆ. ಪ್ರತಿಯೊಬ್ಬರೂ ಆ ಕಾಲದ ಒಬ್ಬ ರಾಜಕಾರಣಿಗೆ ಪತ್ರ ಬರೆಯಬೇಕು, ಸಂಧಾನ ಬೇಕು ಅಥವಾ ಬೇಡ ಎಂದು ಕಾರಣ ಕೊಟ್ಟು ವಾದಿಸಬೇಕು. ಒಂದು ವಾರ ಸಮಯ. ಬಂದ ಮೂವತ್ತೆಂಟು ಪತ್ರಗಳಲ್ಲಿ ಮೂವತ್ತೇಳು ನಾನು ಹೇಳಿದ್ದನ್ನೇ ನನಗೆ ವಾಪಸು ಕೊಟ್ಟಿದ್ದವು. ಉಳಿದ ಒಂದು ಕುದೇರಿನ ಮಂಜುಳಾ ಎಂಬ ಹುಡುಗಿಯದು. ಮೂರನೇ ಬೆಂಚಿನಲ್ಲಿ ಕೂತು ಮಾತಿಲ್ಲದೆ ಬರೆದುಕೊಳ್ಳುತ್ತಿದ್ದವಳು. ಅವಳ ಪತ್ರ ಹೀಗಿತ್ತು:

“ಬಿಲಾಯ್ತಿ ದೊರೆಗೋಳ್ಗೆ ಪುಟ್ಟಮ್ಮಣ್ಣಿ ಮಾಡೋ ನಮಸ್ಕಾರ. ನೀವು ಯುದ್ದ ಬುಟ್ಟು ರಾಜಿಯಾಗನ ಅಂತ ಕಾಗ್ದ ಬರ್ಕೊಂಡಿದ್ರಿ ಅಂತ ನನ್ ಮೊಮ್ಮಗ್ಳು ಏಳ್ತು. ಅಂಗಾದ್ರೆ ಯಾಕ ಆಗ್ನಿಲ್ಲ. ನನ್ ಗಂಡ ನಿಮ್ ದಂಡಲ್ಲಿ ಲಾರಿ ಓಡುಸ್ತಿದ್ದ. ಕಾಣ್ತಾ ಇಲ್ಲ ಅಂತ ಒಂದು ಕಾಗ್ದ ಬಂತು. ಸತ್ತೋದ ಅಂತ ಬರ್ನಿಲ್ಲ. ನಿಮ್ ಕಾಗ್ದದಲ್ಲಿ ಎಲ್ಲಾರ ಅವನ ಸುದ್ದಿ ಅದಾ. ಇದ್ರೆ ಉತ್ರ ಬರೀರಿ.”

ನಾನು ಕೆಂಪು ಮಸಿಯಲ್ಲಿ ‘ಗ್ರಾಮ್ಯ ಭಾಷೆ. ವಾದವಿಲ್ಲ. ವಿಷಯಕ್ಕೆ ಸಂಬಂಧವಿಲ್ಲ. ಮತ್ತೆ ಬರೆ’ ಎಂದು ಬರೆದು ಹಿಂತಿರುಗಿಸಿದೆ. ಆ ಹುಡುಗಿ ಯಾವುದೋ ನಾಟಕದ ಹಾಗೆ ಕಲ್ಪಿಸಿ ಬರೆದಿದ್ದಾಳೆ ಎಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. “ಸಾರ್, ಮತ್ತೆ ಬರ್ದಿದ್ದೀನಿ” ಎಂದು ಹೊಸ ಪತ್ರ ಕೊಟ್ಟಳು. ಅಚ್ಚುಕಟ್ಟಾಗಿ ಇತ್ತು, ಮಿಕ್ಕ ಮೂವತ್ತೇಳರ ಹಾಗೆಯೇ. ಹೋಗುವಾಗ ತಿರುಗಿ ನಿಂತು, “ಆದ್ರೆ ಸಾರ್, ಅಜ್ಜಿ ಉತ್ತರ ಬಂತಾ ಅಂತ ದಿನಾ ಕೇಳ್ತಾವ್ರೆ. ಏನು ಹೇಳ್ಲಿ?” ಎಂದಳು.

“ಯಾವ ಅಜ್ಜಿ?”

“ಪುಟ್ಟಮ್ಮಣ್ಣಿ ಸಾರ್. ನಮ್ಮಪ್ಪನ ತಾಯಿ. ಅದು ಅವ್ರು ಹೇಳಿದ್ದೇ. ನಾನು ಬರ್ಕೊಂಡೆ ಅಷ್ಟೆ.”

ಎಳೆಯ ಮೇಷ್ಟ್ರುಗಳೇ, ಕೆಂಪು ಮಸಿ ಹಾಕುವ ಮುಂಚೆ ಬರೆದವರನ್ನು ಒಂದು ಮಾತು ಕೇಳಿ.

ಆ ಭಾನುವಾರ ಕುದೇರಿಗೆ ಬಸ್ಸು ಹತ್ತಿದೆ. ಜೆರಾಕ್ಸ್ ಕಟ್ಟು ಕೈಯಲ್ಲಿತ್ತು, ಯಾಕೆ ತೆಗೆದುಕೊಂಡೆನೋ ಗೊತ್ತಿಲ್ಲ. ಮಂಜುಳಾ ಬಸ್ ನಿಲ್ದಾಣಕ್ಕೇ ಬಂದು ಕರೆದುಕೊಂಡು ಹೋದಳು. ಪುಟ್ಟಮ್ಮಣ್ಣಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಎಂಬತ್ತು ದಾಟಿದ ಸಣ್ಣ ಜೀವ. ಹಣೆಯಲ್ಲಿ ಕಾಸಗಲ ಕುಂಕುಮ, ಕೈ ತುಂಬ ಹಸಿರು ಬಳೆ. ನನ್ನ ಕಣ್ಣು ಅಲ್ಲಿ ನಿಂತದ್ದನ್ನು ಅವರು ಗಮನಿಸಿದರು.

“ಕಾಣೆ ಅಂತ ಬರ್ದವ್ರೆ ಕಣಪ್ಪ, ಇಲ್ಲ ಅಂತ ಬರ್ದಿಲ್ಲ. ಇಲ್ಲ ಅಂತ ಬರೆಯೋಗಂಟ ತೆಗೆಯಲ್ಲ ಅಂದ್ಬುಟ್ಟೆ. ಊರೋರು ಒಂದಷ್ಟ್ ದಿನ ಮಾತಾಡುದ್ರು. ಮಾತಾಡೋರೆಲ್ಲ ಸತ್ತೋದ್ರು. ನಾ ಅವ್ನಿ.”

ಅವರ ಗಂಡನ ಹೆಸರು ಮಾದಯ್ಯ. ಮದುವೆಯಾಗಿ ಎರಡು ವರ್ಷಕ್ಕೆ ದಂಡಿಗೆ ಸೇರಿದವನು. ಆಗ ಇವರಿಗೆ ಐದು ತಿಂಗಳು ತುಂಬಿತ್ತು. ಆ ಮಗುವೇ ಮಂಜುಳಾಳ ತಂದೆ, ಅರವತ್ತು ದಾಟಿದವರು, ಆ ಹೊತ್ತು ಹೊಲದಲ್ಲಿದ್ದರು. ಅಪ್ಪನ ಮುಖವನ್ನೇ ಕಾಣದವರು. ಮಾದಯ್ಯ ಆಫ್ರಿಕಾದ ಮರಳುಗಾಡಿನಲ್ಲಿ ಲಾರಿ ಓಡಿಸುತ್ತಿದ್ದನೆಂದು ಒಂದು ಕಾಗದ ಬಂದಿತ್ತು. ಆಮೇಲೆ ಬಂದದ್ದು ಅವನು ಕಾಣೆಯಾಗಿದ್ದಾನೆಂಬ ಕಾಗದ.

ತಪ್ಪೊಪ್ಪಿಕೊಳ್ಳಲು ಹೋದವನು ನಾನು. ಆದರೆ ಅವರು ಬೇರೆಯದನ್ನೇ ಕೇಳಿದರು. “ನಿನ್ ಕೈಲಿರದು ಆ ದೊರೆಗೋಳ ಕಾಗ್ದಗಳಾ?”

“ಹೌದಮ್ಮ.”

“ಓದೇಳು.”

ಹೀಗೆ ಶುರುವಾಯಿತು. ಐದು ಭಾನುವಾರ ಕುದೇರಿಗೆ ಹೋದೆ. ಇಂಗ್ಲಿಷ್ ಓದಿಕೊಂಡು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತಿದ್ದೆ. ಮಂಜುಳಾ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ಮೂವತ್ತು ವರ್ಷದ ನೌಕರಿಯಲ್ಲಿ ಆ ಅಜ್ಜಿಯಂಥ ವಿದ್ಯಾರ್ಥಿ ನನಗೆ ಇನ್ನೊಬ್ಬರು ಸಿಗಲಿಲ್ಲ. ಪುಟ್ಟಮ್ಮಣ್ಣಿ ಪ್ರತಿ ಕಾಗದಕ್ಕೂ ಬರೆದವನ ಮನೆತನ, ವಯಸ್ಸು, ಮಕ್ಕಳೆಷ್ಟು ಎಂದು ಕೇಳುತ್ತಿದ್ದರು. ಗೊತ್ತಿಲ್ಲದಿದ್ದರೆ ಮುಂದಿನ ವಾರ ತಿಳಿದುಕೊಂಡು ಬಾ ಎನ್ನುತ್ತಿದ್ದರು. ಸಾಮ್ರಾಜ್ಯ ಉಳಿಸಿಕೊಳ್ಳಲು ರಾಜಿ ಬೇಕೆಂದವನ ಕಾಗದ ಕೇಳಿ, “ಇವ್ನು ನಮ್ಮೂರ ಪಟೇಲ್ನಂಗೆ. ಗದ್ದೆ ಒಡೀಬಾರ್ದು ಅಂತ ಅಣ್ತಮ್ಮಂದ್ರ ಕೈಲಿ ರಾಜಿ ಮಾಡುಸ್ತಾನೆ” ಎಂದರು. ರಾಜಿ ಬೇಡವೆಂದವನ ಕಾಗದ ಓದಿದಾಗ, ಇವನು ಯಾಕೆ ಬೇಡ ಅಂದ ಎಂದು ಕೇಳಿದರು.

ನಾನು ವಿವರಿಸಿದೆ. ಆಗ ರಾಜಿಯಾಗಿದ್ದರೆ ಯುರೋಪಿನಲ್ಲಿ ಎಷ್ಟೋ ದೇಶದ ಜನ ಆ ಸರ್ವಾಧಿಕಾರಿಯ ಕೈಯಲ್ಲೇ ಸಿಕ್ಕಿ ಉಳಿಯುತ್ತಿದ್ದರು, ಅವನು ಒಂದು ಜನಾಂಗವನ್ನೇ ಹುಡುಕಿ ಹುಡುಕಿ ಕೊಲ್ಲಿಸಿದ ಎಂದು.

“ಎಂಗಸ್ರು ಮಕ್ಕಳನ್ನೂವಾ?”

“ಅವರನ್ನೂ.”

ಅವರು ಮೊರದಲ್ಲಿ ಸುಲಿದಿಟ್ಟ ಅವರೆಕಾಳಿನ ಮೇಲೆ ಕೈಯಾಡಿಸಿದರು. “ಅಂಗಾದ್ರೆ ನನ್ ಗಂಡ ಬಂದಿದ್ರೆ ಅಲ್ಲಿ ಇನ್ನೊಬ್ಬಳ ಗಂಡ ಓಗಿರೋನು. ಈ ರಾಜಿ ಬೇಡ ಅಂದೋನ್ನ ಬಯ್ಯಕ್ಕೆ ನಂಗೆ ಬಾಯಿಲ್ಲ. ಬೇಕು ಅಂದೋನ್ನ ಒಗಳಕ್ಕೂ ಆಗಲ್ಲ. ಮುಂದ್ಕೆ ಓದು.”

ಇದೇ ಪ್ರಶ್ನೆಗೆ ತರಬೇತಿಯಲ್ಲಿ ನಾವು ನಲವತ್ತು ಮೇಷ್ಟ್ರುಗಳು ಒಂದಿಡೀ ದಿನ ಚರ್ಚೆ ಮಾಡಿ ಇಷ್ಟು ದೂರ ಬಂದಿರಲಿಲ್ಲ.

ನಾಲ್ಕನೇ ಭಾನುವಾರ ಅವರು ಕೇಳಿದರು, “ಮೇಷ್ಟ್ರೇ, ಇಷ್ಟು ಕಾಗ್ದ ಆಯ್ತಲ್ಲ. ಇದ್ರಲ್ಲಿ ಯಾರಾರ ನಮ್ಮೋರ ಸುದ್ದಿ ಎತ್ತವ್ರಾ? ಇಲ್ಲಿಂದ ದಂಡ್ಗೆ ಓಗಿದ್ದೋರ್ದು?”

“ಇನ್ನೂ ಸ್ವಲ್ಪ ಉಳಿದಿದೆ ಅಮ್ಮ, ನೋಡುತ್ತೇನೆ” ಎಂದೆ.

ಆ ವಾರ ಕಟ್ಟನ್ನೆಲ್ಲ ಮತ್ತೆ ಓದಿದೆ, ಪ್ರತಿ ಅಂಚನ್ನೂ ಬಿಡದೆ. ಹಿಂದೂಸ್ಥಾನದ ಹೆಸರು ಅಲ್ಲಲ್ಲಿ ಇತ್ತು, ಕೈಬಿಡಬಾರದ ಆಸ್ತಿಯಾಗಿ. ಹಿಂದೂಸ್ಥಾನದಿಂದ ಹೋದ ಮನುಷ್ಯರು ಎಲ್ಲಿಯೂ ಇರಲಿಲ್ಲ. ಹಿಂದಿನ ಯುದ್ಧದಲ್ಲಿ ಸ್ವತಃ ಸಿಪಾಯಿಯಾಗಿದ್ದ ಒಬ್ಬ ಸಂಸದನ ಕಾಗದವೊಂದಿತ್ತು. ನಮ್ಮ ಹುಡುಗರನ್ನು ಮನೆಗೆ ಕರೆಸಿಕೊಳ್ಳೋಣ ಎಂಬ ಅರ್ಥದಲ್ಲಿ ಮರುಗಿ ಬರೆದಿದ್ದ. ಅವನ ಹುಡುಗರು ಅವನ ಊರಿನವರು ಮಾತ್ರ.

ಐದನೇ ಭಾನುವಾರ ಆ ಕಾಗದವನ್ನೇ ಓದಿದೆ. ಪುಟ್ಟಮ್ಮಣ್ಣಿ ಅವತ್ತು ಕೆಲಸ ಬದಿಗಿಟ್ಟು, ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಕಾಗದ ಮುಗಿಯುತ್ತ ಬಂತು. ಇನ್ನೊಂದು ಸಾಲಿನಲ್ಲಿ ನಾನು ‘ಇಲ್ಲ’ ಎನ್ನಬೇಕಿತ್ತು. ಆ ಮುಖ ನೋಡಿ ನನ್ನ ಬಾಯಿಂದ ಹೊರಟದ್ದು ಇದು: “ಹಿಂದೂಸ್ಥಾನದ ಹಳ್ಳಿಗಳಿಂದ ಬಂದು ನಮಗಾಗಿ ಲಾರಿ ಓಡಿಸುತ್ತಿರುವವರನ್ನೂ ಅವರ ಮನೆ ಬಾಗಿಲಿಗೆ ತಲುಪಿಸೋಣ.”

ಕಾಗದ ಮಡಿಸಿದೆ. ಪುಟ್ಟಮ್ಮಣ್ಣಿ, “ಅಂಗೆ ಬರ್ದವ್ನಾ” ಎಂದಷ್ಟೇ ಅಂದು ಒಳಗೆ ಹೋದರು. ವಾಪಸು ಬರುವಾಗ ಬಸ್ಸಿನಲ್ಲಿ ಮನಸ್ಸು ಹಗುರಾಗಿತ್ತು. ಒಂದು ಮುದಿ ಜೀವಕ್ಕೆ ಸಮಾಧಾನ ಕೊಟ್ಟೆ ಎಂದುಕೊಂಡೆ. ಇತಿಹಾಸದ ಮೇಷ್ಟ್ರಾದವನು, ಇಲ್ಲದ ಸಾಲನ್ನು ದಾಖಲೆಯೊಳಗೆ ಸೇರಿಸುವುದಕ್ಕಿಂತ ದೊಡ್ಡ ಅಪರಾಧವಿಲ್ಲ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ.

ಮಂಜುಳಾ ಗುರುವಾರ ಬಂದಳು. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿಕೊಂಡೇ ಬಂದಿದ್ದಳು. ನಾನು ಅವಳಿಗೆ ಆ ಕಟ್ಟಿನ ಒಂದು ಪ್ರತಿ ಮಾಡಿಸಿ ಕೊಟ್ಟಿದ್ದೆ. ಅದನ್ನು ಮೇಜಿನ ಮೇಲಿಟ್ಟಳು. ಪ್ರತಿ ಪದದ ಮೇಲೂ ಪೆನ್ಸಿಲಿನಲ್ಲಿ ಕನ್ನಡದ ಅರ್ಥ ಬರೆದುಕೊಂಡಿದ್ದಳು.

“ಸಾರ್, ಆ ಲಾರಿ ಸಾಲು ಯಾವ ಪೇಜಲ್ಲಿದೆ?”

ನಾನು ಹುಡುಕುವ ಹಾಗೆ ಹಾಳೆ ತಿರುವಿದೆ.

“ನಾನು ಮೂರು ಸಲ ನೋಡ್ದೆ ಸಾರ್, ಡಿಕ್ಷನರಿ ಇಟ್ಕೊಂಡು. ಅದು ಇಲ್ಲ.”

“ಇಲ್ಲ” ಎಂದು ಒಪ್ಪಿಕೊಂಡೆ. “ನಿಮ್ಮಜ್ಜಿಗೆ ಸಮಾಧಾನ ಆಗಲಿ ಅಂತ...”

ಅವಳ ಕಣ್ಣು ತುಂಬಿತ್ತು, ಆದರೆ ದನಿ ನಡುಗಲಿಲ್ಲ. “ಪರೀಕ್ಷೆಲಿ ನಾನು ಹಿಂಗೆ ಬರೆದಿದ್ರೆ ನೀವು ಏನ್ ಮಾಡ್ತಿದ್ರಿ ಸಾರ್? ಅಜ್ಜಿ ಮಾತು ನಿಜ ಇತ್ತು, ಅದಕ್ಕೆ ಕೆಂಪು ಇಂಕ್ ಹಾಕಿದ್ರಿ. ಇದಕ್ಕೆ ಯಾರು ಹಾಕ್ತಾರೆ?” ಹಾಳೆಗಳನ್ನು ಜೋಡಿಸಿಕೊಳ್ಳುತ್ತ ಹೇಳಿದಳು, “ಅವತ್ತಿಂದ ಅಜ್ಜಿ ಕಾಗ್ದದ ಮಾತೇ ಎತ್ತಿಲ್ಲ.”

ಮೇಲಧಿಕಾರಿಗಳಿಂದ ಮೆಮೋ ತಿಂದಿದ್ದೇನೆ, ಸಭೆಯಲ್ಲಿ ಬೈಸಿಕೊಂಡಿದ್ದೇನೆ. ಇಪ್ಪತ್ತು ವರ್ಷದ ಹುಡುಗಿಯ ಮುಂದೆ ತಲೆ ತಗ್ಗಿಸಿದ್ದು ಅದೊಂದೇ ಸಲ. ತಗ್ಗಿಸಬೇಕಾದ ಜಾಗದಲ್ಲೇ ತಗ್ಗಿಸಿದೆ ಎಂಬುದು ಈಗಿನ ಸಮಾಧಾನ.

ಭಾನುವಾರದವರೆಗೆ ಕಾಯಲಿಲ್ಲ. ಮಾರನೆಯ ದಿನವೇ ರಜೆ ಹಾಕಿ ಹೋದೆ. ಪುಟ್ಟಮ್ಮಣ್ಣಿ ಒಬ್ಬರೇ ಜಗಲಿಯಲ್ಲಿದ್ದರು. ನಿಂತುಕೊಂಡೇ ಹೇಳಿದೆ. ಆ ಸಾಲು ಕಾಗದದಲ್ಲಿ ಇಲ್ಲ, ನಾನೇ ಸೇರಿಸಿದ್ದು, ಅಲ್ಲಿ ಯಾರೂ ನಿಮ್ಮವರ ಸುದ್ದಿ ಎತ್ತಿಲ್ಲ, ಒಂದಕ್ಷರವೂ ಇಲ್ಲ.

“ಕೂತ್ಕೊ” ಎಂದರು. ಕೂತೆ.

“ನಂಗೊತ್ತಿತ್ತು ಕಣಪ್ಪ. ಬ್ಯಾರೆದೆಲ್ಲ ಕಾಗ್ದ ನೋಡ್ಕಂಡು ಓದ್ದೆ. ಅದೊಂದ ಮಾತ್ರ ನನ್ ಮೊಕ ನೋಡ್ಕಂಡು ಏಳ್ದೆ.”

“ಅವತ್ತೇ ಕೇಳಬಹುದಿತ್ತಲ್ಲಮ್ಮ.”

“ಮೊಮ್ಮಗ್ಳು ಪಕ್ಕದಲ್ಲಿತ್ತು. ಅದ್ರ ಮುಂದ ಮೇಷ್ಟ್ರನ್ನ ಸುಳ್ಳುಗಾರ ಅನ್ನದಾ?” ಅವರು ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡರು. “ನಂಗ ಸುಳ್ಳು ಬ್ಯಾಡ. ಇವತ್ತು ಬತ್ತಾನೆ, ಬರೋ ಸುಗ್ಗಿಗೆ ಬತ್ತಾನೆ ಅಂತ ಊರೋರು ಏಳ್ದ ಸುಳ್ಳೇ ಒಂದು ಅಟ್ಟಿ ತುಂಬ ಅದೆ. ಇಲ್ದಿದ್ರೆ ಇಲ್ಲ ಅನ್ನು. ನಾ ತಡ್ಕೊತಿನಿ.”

“ಇಲ್ಲ” ಎಂದೆ.

ಅವರು ತಲೆಯಾಡಿಸಿದರು. ಆಮೇಲೆ, ನಾನು ಕೇಳದೆಯೇ, ಅರವತ್ತು ವರ್ಷ ಯಾರಿಗೂ ಹೇಳದ್ದನ್ನು ಹೇಳಿದರು.

ಮಾದಯ್ಯ ಹೆಂಡತಿಗೆ ಒಂದು ಮಾತೂ ಹೇಳದೆ ದಂಡಿಗೆ ಹೆಸರು ಕೊಟ್ಟು ಬಂದಿದ್ದ. ಗೊತ್ತಾದ ದಿನದಿಂದ ಪುಟ್ಟಮ್ಮಣ್ಣಿ ಮಾತು ಬಿಟ್ಟರು. ಬಸುರಿ ಹೆಂಗಸನ್ನು ಬಿಟ್ಟು ಹೋಗುವವನ ಹತ್ತಿರ ಏನು ಮಾತು ಎಂದು ಹಟ. ಅವನು ಮೂರು ದಿನ ಅವರ ಸುತ್ತ ಸುತ್ತಿ ಸುತ್ತಿ ಬಂದ, ತಾನೇ ನೀರು ಸೇದಿಟ್ಟ, ಚಾಮರಾಜನಗರದಿಂದ ಕನಕಾಂಬರ ತಂದ. ಅವರು ಮುಡಿಯಲಿಲ್ಲ. ಹೊರಡುವ ದಿನ ಊರವರೆಲ್ಲ ಗಾಡಿ ಕಟ್ಟಿಕೊಂಡು ರೈಲ್ವೆ ಸ್ಟೇಷನ್ನಿಗೆ ಬೀಳ್ಕೊಡಲು ಹೋದರು. ಪುಟ್ಟಮ್ಮಣ್ಣಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತರು.

“ಅವ್ನು ಬಾಗ್ಲತ್ರ ನಿಂತ್ಕಂಡು, ‘ಬತ್ತಿನಿ ಕಣಮ್ಮಿ’ ಅಂದ. ನಾ ಉಸ್ರು ಬುಡ್ನಿಲ್ಲ. ಓಗ್ಬುಟ್ಟು ಬಾ ಅಂತ ಒಂದ್ ಮಾತು ಬರ್ನಿಲ್ಲ ನನ್ ಬಾಯಲ್ಲಿ. ಅಂದಿದ್ರೆ ಬತ್ತಿದ್ನೋ ಏನೋ.”

ಸಂಧಾನಕ್ಕೆಂದು ಬರೆದ ಅಷ್ಟು ಕಾಗದಗಳನ್ನು ಈ ಹೆಂಗಸು ಯಾಕೆ ಹಾಗೆ ಕಿವಿಗೊಟ್ಟು ಕೇಳಿದರು ಎಂಬುದು ನನಗೆ ಆಗ ತಿಳಿಯಿತು. ಪಾಠ ಹೇಳುವವನಿಗೆ ಎದುರಿಗೆ ಕೂತವರು ಯಾಕೆ ಕೇಳುತ್ತಿದ್ದಾರೆ ಎಂಬುದು ಬಹಳ ಸಲ ಗೊತ್ತಿರುವುದೇ ಇಲ್ಲ.

ಹೊರಡಲು ಎದ್ದಾಗ ಅವರು ನನ್ನ ಕೈ ಹಿಡಿದರು. “ಆ ಟೇಸನ್ನು ಇನ್ನೂ ಅದಾ?”

“ಇದೆ. ಆದರೆ ಹಳೆಯ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುತ್ತಾರಂತೆ. ರೈಲು ಒಂದಷ್ಟು ದಿನ ನಿಲ್ಲುತ್ತದೆ ಎನ್ನುತ್ತಿದ್ದಾರೆ.”

“ನಾ ಒಂದ್ಸಲಾನೂ ನೋಡ್ನಿಲ್ಲ. ಕೀಳಕ್ಕೆ ಮುಂಚೆ ಕರ್ಕಂಡು ಓಗಪ್ಪ.”

ಕುದೇರಿನಿಂದ ಚಾಮರಾಜನಗರಕ್ಕೆ ಎಷ್ಟೋ ಸಲ ಬಂದಿದ್ದರು, ಆಸ್ಪತ್ರೆಗೆ, ಸಂತೆಗೆ, ಮದುವೆಗೆ. ಸ್ಟೇಷನ್ನಿನ ರಸ್ತೆಗೆ ಮಾತ್ರ ಕಾಲಿಟ್ಟಿರಲಿಲ್ಲ. ಈ ವಿಷಯವನ್ನು ಹೇಗೋ ಪ್ರಿನ್ಸಿಪಾಲರ ಮುಂದೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಮೇಜಿನ ಖಾನೆಯಿಂದ ತಮ್ಮ ಕಾರಿನ ಕೀಲಿ ತೆಗೆದು ನನ್ನ ಮುಂದೆ ಇಟ್ಟರು. “ಆ ವಯಸ್ಸಿನೋರನ್ನ ಬಸ್ಸಲ್ಲಿ ನಿಲ್ಲಿಸ್ಕೊಂಡು ಬರ್ಬೇಡಿ” ಎಂದು ಫೈಲಿನತ್ತ ತಿರುಗಿದರು. ಸಿಲಬಸ್ಸಿನ ಮಾತು ಅವರು ಮತ್ತೆ ಎತ್ತಲಿಲ್ಲ. ಈಗ ಅವರೂ ಇಲ್ಲ. ಅಂಥ ಸಿಟ್ಟಿನ ಮನುಷ್ಯರ ಕೈಕೆಳಗೆ ಇನ್ನೊಂದಷ್ಟು ವರ್ಷ ಕೆಲಸ ಮಾಡುವ ಆಸೆ ನನಗೆ.

ಬೆಳಗಿನ ಬಿಸಿಲು ಏರುವ ಹೊತ್ತಿಗೆ ನಾನು, ಮಂಜುಳಾ, ಪುಟ್ಟಮ್ಮಣ್ಣಿ ಸ್ಟೇಷನ್ನಿಗೆ ಬಂದೆವು. ಅವರು ಒಳ್ಳೆಯ ಸೀರೆ ಉಟ್ಟಿದ್ದರು. ಮೊಮ್ಮಗಳು ಕನಕಾಂಬರ ತಂದು ಮುಡಿಸಲು ಹೋದರೆ ಬೇಡವೆನ್ನಲಿಲ್ಲ. ಮೈಸೂರಿಗೆ ಹೋಗುವ ಪ್ಯಾಸೆಂಜರ್ ನಿಂತಿತ್ತು. ನಂಜನಗೂಡಿಗೆ ತರಕಾರಿ ಮಾರಲು ಹೋಗುವವರು, ಕಾಲೇಜಿನ ಮಕ್ಕಳು, ಕಚೇರಿಗೆ ಹೋಗುವವರು ಹತ್ತುತ್ತಿದ್ದರು. ಪುಟ್ಟಮ್ಮಣ್ಣಿ ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದರು. ಒಂದು ಬೋಗಿಯ ಎದುರು ನಿಂತರು. ಯಾಕೆ ಅದೇ ಬೋಗಿ ಎಂದು ನಾವು ಕೇಳಲಿಲ್ಲ.

ಗಾರ್ಡು ಸೀಟಿ ಊದಿದ. ರೈಲು ಸಣ್ಣಗೆ ಅಲುಗಿತು. ಪುಟ್ಟಮ್ಮಣ್ಣಿ ಕೈ ಎತ್ತಲಿಲ್ಲ. ಪಕ್ಕದವರಿಗೆ ಹೇಳುವಷ್ಟೇ ಮೆಲ್ಲಗೆ ಹೇಳಿದರು.

“ಓಗ್ಬುಟ್ಟು ಬಾ ಕಣ.”

ಆ ಬೋಗಿಯ ಕಿಟಕಿಯಲ್ಲಿ ತಲೆಗೆ ಟವೆಲ್ಲು ಸುತ್ತಿದ ಒಬ್ಬ ಗಂಡಸು ಕೂತಿದ್ದ. ನಮಗ್ಯಾರಿಗೂ ಪರಿಚಯವಿಲ್ಲದವನು. ಮುದುಕಿಯೊಬ್ಬಳು ತನ್ನನ್ನು ನೋಡಿ ಹೇಳುತ್ತಿದ್ದಾಳೆ ಎಂದುಕೊಂಡನೋ ಏನೋ, ನಮ್ಮ ಕಡೆಯ ಜನ ಯಾರಿಗಾದರೂ ಹೇಳುವ ಹಾಗೆ ಹೇಳಿದ.

“ಬತ್ತಿನಿ ಕಣವ್ವ.”

ರೈಲು ಬದನಗುಪ್ಪೆಯ ದಿಕ್ಕಿಗೆ ತಿರುಗಿ ಮರೆಯಾಗುವವರೆಗೂ ಅವರು ನಿಂತಿದ್ದರು. ಮಂಜುಳಾ ಅಜ್ಜಿಯ ತೋಳು ಹಿಡಿದಿದ್ದಳು. ನಾನು ಸ್ವಲ್ಪ ದೂರದಲ್ಲಿ ನಿಂತೆ.